ಹಸಿರು ಜಡೆಯ ಮಾದರಿ ಪಾಠ

"ಇನ್ನು ಈ ಕೂದಲಿಗೆ ಕತ್ತರಿ ಸೋಕಿಸುವ ಮಾತೇ ಇಲ್ಲ. ಸೊಂಟ ದಾಟುವವರೆಗೆ ಬೆಳೆಸ್ತೀನಿ, ರೇಷ್ಮೆ ಥರ ಮಲಗಿಸ್ತೀನಿ. ನಕ್ಕವರೆಲ್ಲ ಎಣ್ಣೆ ಯಾವುದು ಅಂತ ಕೇಳ್ಕೊಂಡು ಬರಬೇಕು, ನೋಡ್ತಿರಿ."

ಕೊಡಿಗೇನಹಳ್ಳಿ ಪ್ರೌಢಶಾಲೆಯ ವಿಜ್ಞಾನದ ಟೀಚರ್ ವನಜಾಕ್ಷಿ ಒಂದು ಶುಕ್ರವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಳು. ಕೇಳಿಸಿಕೊಂಡವರು ಇಬ್ಬರು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಪಟಾಲಮ್ಮ. ಡ್ಯೂಟಿ ಮುಗಿಸಿ ಬಂದು ಟೀ ಕುಡಿಯುತ್ತಿದ್ದ ಗಂಡ, ಬಸ್ ಕಂಡಕ್ಟರ್ ಭೀಮರಾಜು.

"ಭುಜದ ಮಟ್ಟಕ್ಕೆ ಕತ್ತರಿಸಿಬುಡು ವನಜ. ಮತ್ತೆ ಬೆಳೀತದೆ," ಎಂದ ಭೀಮರಾಜು.

"ಅದ್ಯಾಕೆ ಅರೆಬರೆ? ಬೋಳಿಸಿಬುಟ್ರೆ ಒಂದೇ ಸಲಕ್ಕೆ ಮುಗೀತದೆ ಕಣಮ್ಮ," ಎಂದಳು ಪಟಾಲಮ್ಮ.

ಈ ತಲೆಯ ಕಥೆ ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ವನಜಾಕ್ಷಿಯ ತಮ್ಮ ಅಂಜನ್ ಕುಮಾರನ ಮದುವೆಯ ಮುನ್ನಾದಿನ. ಅಲ್ಲೊಂದು ಇಲ್ಲೊಂದು ಎಳೆಗೆ ಜೇನಿನ ಬಣ್ಣ ಬರಲಿ ಎಂದು ಅವಳು ಮಧುಗಿರಿಯ ಒಂದು ಪಾರ್ಲರಿಗೆ ಹೋಗಿದ್ದಳು. ಬ್ಲೀಚ್ ಬಳಿದ ಹುಡುಗಿಗೆ ಅಷ್ಟರಲ್ಲಿ ಒಂದು ಫೋನ್ ಬಂತು. ಹುಡುಗಿಯ ಮಾತು ಮುಗಿಯುವ ಹೊತ್ತಿಗೆ ವನಜಾಕ್ಷಿಯ ಇಡೀ ತಲೆ ಮುಸುಕಿನ ಜೋಳದ ತೆನೆಯ ತುದಿಯಂತಾಗಿತ್ತು. ಮದುವೆಯ ಫೋಟೋಗಳಲ್ಲಿ ಮದುಮಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದೇ ತಲೆ. ಈಗ ಬುಡದಲ್ಲಿ ಎರಡು ಅಂಗುಲ ಕಪ್ಪು, ಕೆಳಗೆಲ್ಲ ಹುಲ್ಲಿನ ಬಣ್ಣ. ತುದಿಗಳು ಸೀಳಿ, ಒರಟಾಗಿ, ಎಲ್ಲ ದಿಕ್ಕಿಗೂ ನೆಟ್ಟಗೆ ನಿಲ್ಲುತ್ತಿದ್ದವು. ಬಸ್ಸಿನಲ್ಲಿ ಅವಳ ಹಿಂದೆ ಕೂತವರಿಗೆ ಮುಂದಿನ ರಸ್ತೆ ಕಾಣದು ಎಂದು ಸ್ವಂತ ಗಂಡನೇ ಊರೆಲ್ಲ ಹೇಳಿಕೊಂಡು ಬಂದಿದ್ದ.

ಆ ಶುಕ್ರವಾರ ಅವಳ ಹಟ ಕೆರಳಿಸಿದವರು ಮಾತ್ರ ಹೆಡ್ ಮಾಸ್ಟರ್ ಮರುಳಸಿದ್ದಯ್ಯ. ಸೋಮವಾರ ಮಧುಗಿರಿಯಲ್ಲಿ ವನಜಾಕ್ಷಿ ಒಂದು ಮಾದರಿ ಪಾಠ ಮಾಡಬೇಕಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಿಂದ ಆಯ್ದ ಕೆಲವು ವಿಜ್ಞಾನದ ಟೀಚರುಗಳು ಹಿಂದೆ ಕೂತು ನೋಡುವವರು. ವಿಷಯ: ಆಮ್ಲಗಳು ಮತ್ತು ಲೋಹಗಳು.

"ಅಷ್ಟರೊಳಗೆ ತಲೆಗೆ ಸ್ವಲ್ಪ ಕಪ್ಪು ಹಾಕ್ಕೊಂಡುಬಿಟ್ರೆ ನಮ್ಮ ಶಾಲೆಗೂ ಮರ್ಯಾದೆ ಮೇಡಂ," ಎಂದಿದ್ದರು ಅವರು, ಮೇಜಿನ ಮೇಲಿನ ಗ್ಲೋಬ್ ತಿರುಗಿಸುತ್ತ.

"ಪಾಠ ಮಾಡೋದು ಬಾಯಿ ಸಾರ್. ತಲೆ ಅದರ ಪಾಡಿಗೆ ಅದಿರುತ್ತೆ," ಎಂದು ವನಜಾಕ್ಷಿ ಹೊರಬಂದಿದ್ದಳು.

ಆಗಲೇ ಅವಳ ಕೇಶೋದ್ಧಾರದ ಯೋಜನೆ ಭರ್ಜರಿಯಾಗಿ ನಡೆಯುತ್ತಿತ್ತು. ಶಿರಾದಿಂದ ಗಾಣದ ಕಡಲೆಕಾಯಿ ಎಣ್ಣೆ ಬಂದಿತ್ತು. ಒರಟು ಟವೆಲ್ ಉಜ್ಜಿದರೆ ಕೂದಲು ತುಂಡಾಗುತ್ತದೆಂದು ಭೀಮರಾಜುವಿನ ಹಳೆಯ ಬನಿಯನ್ನುಗಳೆಲ್ಲ ತಲೆವಸ್ತ್ರಗಳಾಗಿ ಬಡ್ತಿ ಪಡೆದಿದ್ದವು. ಹತ್ತಿಯ ದಿಂಬಿಗೆ ಕೂದಲು ಸಿಕ್ಕಿಕೊಳ್ಳುತ್ತದೆಂದು ಹಳೆಯ ರೇಷ್ಮೆ ಸೀರೆ ದಿಂಬಿನ ಕವರಾಗಿತ್ತು. ಆ ದಿಂಬು ಎಷ್ಟು ಜಾರುತ್ತಿತ್ತೆಂದರೆ ಬೆಳಿಗ್ಗೆ ಎದ್ದಾಗ ತಲೆ ಒಂದು ಕಡೆ, ದಿಂಬು ಮಂಚದ ಕೆಳಗೆ.

ಉಳಿದದ್ದು ಕೊನೆಯ ಅಸ್ತ್ರ. ಹುಳಿನೀರು ಹಾಕಿದರೆ ಎದ್ದು ನಿಂತ ಕೂದಲಿನ ಪದರ ಮಲಗುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಒಬ್ಬಳು ಹೇಳಿದಳು. ತಾಮ್ರದಲ್ಲಿಟ್ಟ ನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಮತ್ತೊಬ್ಬಳು ಹೇಳಿದಳು. ವನಜಾಕ್ಷಿ ಇಬ್ಬರ ಮಾತನ್ನೂ ಕೂಡಿಸಿದಳು. ಶುಕ್ರವಾರ ರಾತ್ರಿಯೇ ಅತ್ತೆಯ ತಾಮ್ರದ ಬಿಂದಿಗೆಗೆ ವಿನೆಗರ್ ಸುರಿದು, ನಾಲ್ಕು ನಿಂಬೆಹಣ್ಣು ಹಿಂಡಿ, ನೀರು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಅದನ್ನು ತಲೆಗೆ ಸುರಿದುಕೊಂಡು, ಬನಿಯನ್ ಸುತ್ತಿಕೊಂಡು ಎರಡು ಗಂಟೆ ಕೂತಳು. ಆಮೇಲೆ ತಾರಸಿಯ ಬಿಸಿಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಒಣಗಿಸಿ, ಬೆನ್ನ ಮೇಲೇ ಕೈಯಾಡಿಸಿ ನೋಡಿದಳು. ಕೂದಲು ನಿಜಕ್ಕೂ ಮಲಗಿತ್ತು. ಒಂದೇ ಒಂದು ಎಳೆ ಎದ್ದಿರಲಿಲ್ಲ. ಗೆದ್ದ ಗತ್ತಿನಲ್ಲಿ ಅವಳು ಮೆಟ್ಟಿಲಿಳಿದು ನಡುಮನೆಗೆ ಬಂದಳು.

ಭೀಮರಾಜು ಎದ್ದು ನಿಂತ. "ವನಜ, ತಲೇಗೆ ಏನ್ ಬಳ್ಕೊಂಡೆ? ಗಿಳಿ ಆಗ್ಬುಟ್ಟಿದೀಯ."

ಕನ್ನಡಿಯಲ್ಲಿ ನೋಡಿದರೆ ಬುಡದ ಎರಡು ಅಂಗುಲ ಕಪ್ಪು, ಅಲ್ಲಿಂದ ಕೆಳಗೆ ಇಡೀ ಕೂದಲು ಹಸಿರು. ಬನಿಯನ್ನೂ ಹಸಿರು. ಪಟಾಲಮ್ಮ ಬಂದು ಒಂದು ಎಳೆ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಿಂದಿಗೇಗೆ ಏನ್ ಉಯ್ದಿದ್ದೆ?"

"ವಿನೆಗರ್ ಅತ್ತೆ."

"ಅಂಗಂದ್ರೆ?"

"ಹುಳಿ."

"ತಾಮ್ರದಾಗೆ ಹುಳಿ ಮಡಗುದ್ರೆ ಕಿಲುಬು ಬರಾಕಿಲ್ವಾ? ನಿನ್ನ ತಲೇಗೆ ಕಿಲುಬು ಹಿಡ್ದದೆ ಕಣಮ್ಮ. ಇಸ್ಕೂಲಿನಾಗೆ ಇದನ್ನ ಹೇಳ್ಕೊಡಾಕಿಲ್ವಾ?"

ಹೇಳಿಕೊಡುತ್ತಾರೆ. ವನಜಾಕ್ಷಿಯೇ ಹೇಳಿಕೊಡುತ್ತಾಳೆ. ಅದೇ ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ, ಗಾಳಿಯಿದ್ದರೆ ಆಮ್ಲ ತಾಮ್ರವನ್ನು ನಿಧಾನವಾಗಿ ತಿಂದು ಹಸಿರು ಲವಣ ಮಾಡುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಗೆ ಖಂಡಿತ ಬರುತ್ತೆ ಎಂದು ಎಚ್ಚರಿಸಿ ಬಂದಿದ್ದಳು.

"ಬಾ, ಉಣಿಸೇಹಣ್ಣು ಉಪ್ಪು ಆಕಿ ತಿಕ್ತೀನಿ. ಬಿಂದಿಗೆ ಅಂಗೇ ಬೆಳಗ್ತದೆ," ಎಂದಳು ಪಟಾಲಮ್ಮ.

ವನಜಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದಳು. ಬ್ಲೀಚಿನಿಂದ ಸೊರಗಿದ ಕೂದಲು ಅತ್ತೆಯ ಕೈಗೆ ಸಿಕ್ಕರೆ ಬಣ್ಣದ ಜೊತೆ ಕೂದಲೂ ಹೋಗುತ್ತದೆ. "ಬೇಡ ಅತ್ತೆ. ಹಸಿರಾದರೆ ಹಸಿರು. ಹಿಂಗೇ ಹೋಗ್ತೀನಿ."

"ಸೆರಗನ್ನಾದ್ರೂ ತಲೆ ಮ್ಯಾಲೆ ಎಳ್ಕೊ," ಎಂದ ಭೀಮರಾಜು.

"ಯಾಕೆ ಎಳ್ಕೋಬೇಕು? ನಾನೇನು ಕದ್ದು ತಂದಿದೀನಾ?"

ಸೋಮವಾರ ಅವಳು ಹಸಿರು ಜಡೆಯನ್ನು ಬೇಕೆಂದೇ ಮುಂದಕ್ಕೆ ಹಾಕಿಕೊಂಡು ಮಧುಗಿರಿಯ ಆ ತರಗತಿಗೆ ಕಾಲಿಟ್ಟಳು. ನಲವತ್ತು ಮಕ್ಕಳು ಉಸಿರು ಬಿಗಿಹಿಡಿದರು. ಹಿಂದಿನ ಸಾಲಿನಲ್ಲಿ ಮರುಳಸಿದ್ದಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಣ್ಣ ಬದಲಾಗಲಿಲ್ಲ. ತಲೆ ಹೇಗಿದ್ದರೇನು, ವನಜಾಕ್ಷಿಯ ಬಾಯಿ ಗಟ್ಟಿಯಾಗಿತ್ತು.

"ಮಕ್ಕಳೇ, ತಾಮ್ರದ ಜೊತೆ ಆಮ್ಲ ಸೇರಿದರೆ ಏನಾಗುತ್ತೆ ಅಂತ ಪುಸ್ತಕದಲ್ಲಿ ಓದಿದೀರ. ನಿಮಗೆ ಕಣ್ಣಾರೆ ತೋರಿಸಬೇಕು ಅಂತ ನಾನೇ ಯೋಚನೆ ಮಾಡಿ, ಈ ಪ್ರಯೋಗನ ನನ್ನ ತಲೆ ಮೇಲೆ ಮಾಡ್ಕೊಂಡು ಬಂದಿದೀನಿ."

ಪಾಠ ಎಂದೂ ಹೋಗದಷ್ಟು ಚೆನ್ನಾಗಿ ಹೋಯಿತು. ಕೊನೆಗೆ ಪಾವಗಡದ ಟೀಚರ್ ಲೋಹಿತಾ ಎದ್ದು, "ಹೋಲಿಸೋಕೆ ಏನೂ ಇಲ್ದೆ ಪ್ರಯೋಗ ಹೆಂಗೆ ಒಪ್ಪೋದು ಮೇಡಂ?" ಎಂದು ಕೊಕ್ಕೆ ಹಾಕಿದಳು. ವನಜಾಕ್ಷಿ ತಲೆ ಬಗ್ಗಿಸಿ ಬೈತಲೆ ತೋರಿಸಿದಳು. "ಬ್ಲೀಚ್ ಆಗದ ಬುಡ ಕಪ್ಪಾಗೇ ಇದೆ ನೋಡಿ. ಬ್ಲೀಚ್ ಆದ ಕೂದಲು ಸ್ಪಂಜಿನ ಥರ ತಾಮ್ರ ಹೀರಿದೆ." ಚಪ್ಪಾಳೆ ಬಿತ್ತು. ಮರುಳಸಿದ್ದಯ್ಯನವರು ಎಲ್ಲರಿಗಿಂತ ಜೋರಾಗಿ ತಟ್ಟಿ, "ನಮ್ಮ ಶಾಲೆಯವರು," ಎಂದು ಪಕ್ಕದವರಿಗೆ ತಿಳಿಸಿದರು.

ವಿಷಯ ಪರಿವೀಕ್ಷಕ ಪ್ರಭುದೇವ್ ಅವರಂತೂ ಕರಗಿಹೋದರು. "ಇದು ಉಳಿದ ತಾಲ್ಲೂಕುಗಳಲ್ಲೂ ಆಗಬೇಕು ಮೇಡಂ. ಬರೋ ವಾರ ಶಿರಾ. ಆಮೇಲೆ ಕೊರಟಗೆರೆ, ಪಾವಗಡ. ಅಲ್ಲೀವರೆಗೂ ದಯವಿಟ್ಟು ಆ ಬಣ್ಣ ಹೋಗದ ಹಾಗೆ ನೋಡ್ಕೊಳ್ಳಿ."

ಮನೆಗೆ ಬಂದು ವನಜಾಕ್ಷಿ ಈ ದಿಗ್ವಿಜಯವನ್ನು ಬಣ್ಣಿಸಿದಳು. ಪಟಾಲಮ್ಮ ಎಲ್ಲ ಕೇಳಿ, "ಕಿಲುಬು ಅಂತ ಕಂಡುಹಿಡ್ದೋಳು ನಾನು. ನನ್ನ ಹೆಸ್ರು ಹೇಳ್ದಾ?" ಎಂದಳು.

ವನಜಾಕ್ಷಿ ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆದಳು.

"ಅಂಗಾದ್ರೆ ಶಿರಾಕ್ಕೆ ನಾನೂ ಬತ್ತೀನಿ," ಎಂದಳು ಪಟಾಲಮ್ಮ.

ಬಂದಳು ಕೂಡ. ತೊಡೆಯ ಮೇಲೆ ಬಿಂದಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸೊಸೆಯ ತಲೆ ನೋಡಿ ಕಣ್ಣರಳಿಸಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಬಸ್ಸಿನ ಹಿಂದಿನ ಸೀಟಿನಲ್ಲಿ ಅದೇ ಸಭೆಗೆ ಹೊರಟ ಇಬ್ಬರು ಟೀಚರುಗಳಿದ್ದರು. ಹಾಗಾಗಿ ಶಿರಾದಲ್ಲಿ ವನಜಾಕ್ಷಿ "ನಾನೇ ಯೋಚನೆ ಮಾಡಿ" ಎಂದು ಬಾಯಿ ತೆರೆದದ್ದೇ ತಡ, ಒಬ್ಬರು ಎದ್ದು, "ಬಸ್ಸಲ್ಲಿ ನಿಮ್ಮ ಅತ್ತೆ ಬೇರೆ ಥರ ಹೇಳಿದರಲ್ಲ ಮೇಡಂ," ಎಂದರು.

ಸಭೆ ನಕ್ಕಿತು. ವನಜಾಕ್ಷಿಯ ಕಿವಿ ಕೆಂಪಾಯಿತು. ಹಸಿರಿನ ಪಕ್ಕದಲ್ಲಿ ಅದು ಇನ್ನಷ್ಟು ಎದ್ದು ಕಂಡಿತು. ಪ್ರಭುದೇವ್ ಪಟಾಲಮ್ಮನನ್ನು ವೇದಿಕೆಗೇ ಕರೆದರು. ಅವಳು ಕಿಲುಬು ಯಾಕೆ ಬರುತ್ತದೆ, ಕಲಾಯಿ ಯಾಕೆ ಹಾಕಿಸಬೇಕು, ಮಜ್ಜಿಗೆಯನ್ನು ಎಂಥ ಪಾತ್ರೆಯಲ್ಲಿ ಇಡಬಾರದು ಎಂದು ಬಿಂದಿಗೆ ತಿರುಗಿಸಿ ತಿರುಗಿಸಿ ಮುಕ್ಕಾಲು ಗಂಟೆ ಹೇಳಿದಳು. ಟೀಚರುಗಳೆಲ್ಲ ಬರೆದುಕೊಂಡರು. ನಡುನಡುವೆ ಅವಳು, "ತಿರುಗಮ್ಮ, ಹಿಂದ್ಲುದು ಕಾಣ್ಲಿ," ಎಂದಾಗ ವನಜಾಕ್ಷಿ ತಿರುಗಿ ನಿಂತಳು.

ಹದಿನೈದು ದಿನದ ಮೇಲೆ ಪಾವಗಡದ ಕಾರ್ಯಕ್ರಮದ ಸುತ್ತೋಲೆ ಶಾಲೆಗೆ ಬಂತು. ಮರುಳಸಿದ್ದಯ್ಯನವರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು.

"ಸಂಪನ್ಮೂಲ ವ್ಯಕ್ತಿ: ಶ್ರೀಮತಿ ಪಟಾಲಮ್ಮ. ಪಾಠೋಪಕರಣಗಳು: ಒಂದು, ತಾಮ್ರದ ಬಿಂದಿಗೆ. ಎರಡು, ಶ್ರೀಮತಿ ವನಜಾಕ್ಷಿ."