ಚಿಕ್ಕಪ್ಪನ ಮೊಬೈಲಿನ ವ್ಯಾಲಿಡಿಟಿ

ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೂ ಒಂಬತ್ತು ತಿಂಗಳು ವಾಕಿಂಗ್ ಹೋಗುತ್ತಿದ್ದರು ಎಂದರೆ ನಂಬುತ್ತೀರಾ? ನಂಬಬೇಕು. ಅದಕ್ಕೆ ಅವರ ಮೊಬೈಲೇ ಸಾಕ್ಷಿ!

ತಿಂಗಳು ತಿಂಗಳು ಅಂಗಡಿಗೆ ಅಲೆಯುವವರು ಯಾರು ಎಂದು ಅವರು ಒಂದು ವರ್ಷದ ರೀಚಾರ್ಜ್ ಮಾಡಿಸಿದ್ದರು. ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಲ್ಲಿ ಕುಸಿದರು, ಏಳಲಿಲ್ಲ. ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಉಳಿದದ್ದು ಚಿಕ್ಕಮ್ಮ ಮತ್ತು ಇನ್ನೂ ಒಂಬತ್ತು ತಿಂಗಳು ಆಯಸ್ಸಿದ್ದ ಮೊಬೈಲು. ಅವರಿಗೆ ಮಕ್ಕಳಿಲ್ಲ.

ನೆಂಟರಿಗೆಲ್ಲ ನನ್ನ ಫೋನಿನಿಂದಲೇ ತಿಳಿಸಿದೆ. ಉಳಿದವರಿಗೆ ಹೇಳೋಣವೆಂದು ಚಿಕ್ಕಪ್ಪನ ಮೊಬೈಲು ತೆರೆದರೆ, ಅದರಲ್ಲಿ ಒಂದೇ ಒಂದು ಹೆಸರಿಲ್ಲ! ‘ಗೊರಕೆ.’ ‘ಎರಡು ಛತ್ರಿ.’ ‘ಕಿಟಕಿ ಸೀಟು ಬಿಡದವ.’ ಬಸ್ಸಿನಲ್ಲಿ, ಕ್ಯೂನಲ್ಲಿ, ಪಕ್ಕದಲ್ಲಿದ್ದವರನ್ನೆಲ್ಲ ಮಾತಾಡಿಸಿ ನಂಬರ್ ತೆಗೆದುಕೊಳ್ಳುವುದು ಅವರ ಚಟ. ಹಿಂದೊಮ್ಮೆ ನಾನು ಕೇಳಿದ್ದೆ.

“ಹೆಸರು ಹಾಕ್ಕೊಳ್ಳೋಕೇನು ಕಷ್ಟ ಚಿಕ್ಕಪ್ಪ?”

“ಮಂಜುನಾಥ ಅಂತ ಏಳು ಜನ ಅವ್ರೆ ಕಣ್ಲಾ. ಗೊರಕೆ ಒಬ್ನೇ!”

ಈಗ ಫೋನ್ ಮಾಡಿ ‘ನಮಸ್ಕಾರ, ಗೊರಕೆಯವರಾ? ಒಂದು ದುಃಖದ ಸುದ್ದಿ’ ಎನ್ನುವುದು ಹೇಗೆ? ಇನ್ನೂ ಕೆಳಗೆ ನನ್ನ ನಂಬರ್ ಸಿಕ್ಕಿತು. ‘ಭಾನುವಾರ ಬರ್ತೀನಿ’ ಎಂದಿತ್ತು. ನಾನಿರುವ ತಣಿಸಂದ್ರದಿಂದ ಊರಿನ ಇನ್ನೊಂದು ತುದಿಯ ಪುಟ್ಟೇನಹಳ್ಳಿಗೆ ಎಷ್ಟು ದೂರ ಎಂದು ದಯವಿಟ್ಟು ಕೇಳಬೇಡಿ. ಮೊಬೈಲು ಮುಚ್ಚಿಟ್ಟೆ. ಆ ಪಟ್ಟಿಯವರಲ್ಲಿ ಯಾರಿಗೂ ಹೇಳಲಿಲ್ಲ.

ಆದರೆ ಅವರು ಸುಮ್ಮನಿರಬೇಕಲ್ಲ! ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಚಿಕ್ಕಮ್ಮ ಎತ್ತಿ, “ಅವ್ರಾ? ಕೆರೆ ತಾವ ವಾಕಿಂಗ್ ಓಗವ್ರೆ” ಎಂದು ಇಟ್ಟುಬಿಡುತ್ತಿದ್ದರು. ನಾನು ಮೊದಲ ಸಲ ಕೇಳಿಸಿಕೊಂಡದ್ದು ಹನ್ನೊಂದನೆಯ ದಿನ.

“ಯಾಕೆ ಚಿಕ್ಕಮ್ಮ ಹಿಂಗಂತೀರಾ?”

“ಇನ್ನೇನ್ ಯೋಳ್ಲಿ? ಪೋನ್ ಮಾಡಿರೋ ಯಪ್ಪ ನಗ್ತಾ ನಗ್ತಾ ಮಾತಾಡ್ತಾವ್ನೆ.”

ಹೀಗೆ ತಿಂಗಳುಗಳು ಕಳೆದವು. ಒಬ್ಬರಂತೂ ಬೇಸತ್ತು ಕೇಳಿದರಂತೆ, “ಏನಮ್ಮಾ, ಯಾವಾಗ್ ಮಾಡಿದ್ರೂ ಕೆರೆ ಹತ್ರಾನೇ! ಮೀನೇನಾದ್ರೂ ಹಿಡೀತಾರಾ?”

“ಊಂ. ಇನ್ನೂ ಒಂದೂ ಸಿಕ್ಕಿಲ್ವಂತೆ,” ಎಂದರಂತೆ ಚಿಕ್ಕಮ್ಮ. ಇದನ್ನು ನನಗೆ ಹೇಳುವಾಗ ಅವರು ನಕ್ಕರು. ಮೂರು ದಿನದಿಂದ ಒಲೆ ಹಚ್ಚಿಲ್ಲವೆಂದು ಅಡುಗೆಮನೆ ನೋಡಿದರೆ ತಿಳಿಯುತ್ತಿತ್ತು.

ಕೊನೆಗೆ ಕಂಪನಿಯಿಂದ ಮೆಸೇಜು ಬಂತು. ಇನ್ನು ಮೂರೇ ದಿನದಲ್ಲಿ ವ್ಯಾಲಿಡಿಟಿ ಮುಗಿಯುತ್ತದೆ. ಬಿಟ್ಟುಬಿಟ್ಟರೆ ಚಿಕ್ಕಪ್ಪ ಎರಡನೆಯ ಸಲ ಹೋದ ಹಾಗೆ. ಮತ್ತೆ ಹಾಕಿಸಿದರೆ ಚಿಕ್ಕಮ್ಮ ಇನ್ನೂ ಒಂದು ವರ್ಷ ಅವರನ್ನು ಕೆರೆಯ ಹತ್ತಿರವೇ ನಿಲ್ಲಿಸಿಕೊಂಡು ಕಾಯುತ್ತಾರೆ. ಯಾವುದು ಸರಿ? ಚಿಕ್ಕಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋದೆ.

“ಬನ್ನಿ ಆಂಟಿ, ವರ್ಷದ್ದೇ ಹಾಕ್ಲಾ? ಅಂಕಲ್ ಹಾಕ್ಸೋದು ಅದೇ. ಎಲ್ಲಿ, ಅಂಕಲ್ ಕಾಣ್ತಾನೇ ಇಲ್ಲ?” ಎಂದ ಅಂಗಡಿಯವನು.

ಕೆರೆ ಎನ್ನುತ್ತಾರೆಂದು ನಾನು ತಲೆ ತಗ್ಗಿಸಿದೆ. ಚಿಕ್ಕಮ್ಮ ಮೊಬೈಲನ್ನು ಸೆರಗಿನಿಂದ ಒರೆಸಿದರು.

“ಓಗ್ಬುಟ್ರು ಕಣಪ್ಪ.”

ಅಂಗಡಿಯವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

“ಒಂದ್ ತಿಂಗ್ಳುದ್ ಆಕು ಸಾಕು. ಎಲ್ರುಗೂ ಯೋಳ್ಬೇಕಲ್ಲ,” ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು, “ಮೇಲಿಂದ ಒಂದೊಂದೇ ಮಾಡ್ಕೊಡು ಮಗ,” ಎಂದರು. ಮಾಡಿಕೊಟ್ಟೆ. ವಿಷಯ ಹೇಳಿದರು. ಆ ಕಡೆಯ ಗಂಡಸು ಅಳುವುದು ನನಗೂ ಕೇಳಿಸಿತು. “ಅಳ್ಬೇಡ ಕಣಪ್ಪ, ಯೋಳ್ದೆ ಇದ್ದುದ್ದು ನಂದೇ ತಪ್ಪು,” ಎಂದರು. ಆಮೇಲೆ ಆತನೇ ಏನೇನೋ ಹೇಳುತ್ತಾ ಹೋದ; ಚಿಕ್ಕಮ್ಮ ಬರೀ ಕೇಳಿಸಿಕೊಳ್ಳುತ್ತಿದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿದ್ದುದನ್ನು ನೋಡಿ ನಾನು ಫೋನ್ ತೆಗೆದುಕೊಳ್ಳಲು ಕೈ ಚಾಚಿದೆ.

ಚಿಕ್ಕಮ್ಮ ನನ್ನ ಕೈಯನ್ನು ಸರಿಸಿದರು.

“ಇರ್ಲಾ, ಅವ್ರ ಇಸ್ಯ ನಂಗೊತ್ತಿಲ್ದೆ ಇದ್ದುದ್ದು ಯೋಳ್ತಾವ್ನೆ.”