ಮೇಲೆದ್ದ ತೊಟ್ಟಿ

ಬೆಳಿಗ್ಗೆ ಸೈಟಿನ ಆಫೀಸು ಗೋಡೆಯ ಕೆಂಪು ಗುರುತಿನಿಂದ ಅಳತೆ ತೆಗೆದ ಮರಿ ಇಂಜಿನಿಯರ್, ನಂಬಲಾಗದೆ ಮತ್ತೊಮ್ಮೆ ಅಳೆದ. ಊರಿನ ಕೊಳಚೆ ನೀರಿಗಾಗಿ ಅವನು, ಅದೇ ನೀರು ನಿಂತು ನಾರುವ ಜೌಗು ನೆಲದಲ್ಲಿ ಕಟ್ಟಿಸಿದ್ದ, ಕಾಂಕ್ರೀಟು ಮುಚ್ಚಳದ ದೊಡ್ಡ ತೊಟ್ಟಿ ಬೆಳಗಾಗುವಷ್ಟರಲ್ಲಿ ಎರಡು ಬೆರಳು ಮೇಲೆದ್ದಿತ್ತು. ಕುಸಿದಿದ್ದರೆ ಬೈಸಿಕೊಂಡು ಸುಮ್ಮನಿರಬಹುದಿತ್ತು; ಎದ್ದದ್ದಕ್ಕೆ ಏನು ಹೇಳುವುದು? ಅಡಿಯ ನೀರು ಉಕ್ಕಿದರೆ ಖಾಲಿ ತೊಟ್ಟಿ ದೋಣಿಯಂತೆ ತೇಲುತ್ತದೆಂದು ಕಾಲೇಜಿನಲ್ಲಿ ಓದಿದ್ದು ನೆನಪಾಯಿತು.

ಮಧ್ಯಾಹ್ನ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ತೊಟ್ಟಿ ಪಾಸಾದರೆ ಅವನಿಗೆ ಹೆಡ್ಡಾಫೀಸಿಗೆ ವರ್ಗ. ದಿನವೂ ಅವನು ಮನೆ ಸೇರುವ ಹೊತ್ತಿಗೆ ಹೆಂಡತಿ ಹಿತ್ತಿಲ ಬಾಗಿಲಲ್ಲಿ ಬಿಸಿನೀರಿನ ಬಕೆಟ್ಟು, ಸೋಪು ಇಟ್ಟಿರುತ್ತಿದ್ದಳು; ವಾಸನೆಯ ಮಾತೆತ್ತುತ್ತಿರಲಿಲ್ಲ. ಇನ್ನು ಆ ಕೆಲಸ ನಿನಗಿಲ್ಲ ಎಂದು ಅವನು ಹೇಳಿ ಬಂದಿದ್ದ.

ಸಲಹೆಗಳಿಗೆ ಬರವಿರಲಿಲ್ಲ. ಅಳೆಯುವ ಕೋಲನ್ನೇ ಚೂರು ಕತ್ತರಿಸಿಬಿಡೋಣ ಎಂದರು ಗುಮಾಸ್ತರು. ನೀರು ತುಂಬಿಸಿದರೆ ಭಾರಕ್ಕೆ ತಾನೇ ಕೂರುತ್ತದೆ ಎಂದರು ಸ್ಟೋರ್‌ಕೀಪರು. ಪಂಪು ಹಚ್ಚಿದರು. ಪೈಪು ಕೈಜಾರಿ ಹುಚ್ಚುಹಾವಿನಂತೆ ಕುಣಿದು ಗುಮಾಸ್ತರಿಗೆ ಸ್ನಾನ ಮಾಡಿಸಿತು. ತುಂಬಿಸಿ ಅಳೆದರೆ ತೊಟ್ಟಿ ಮತ್ತೊಂದು ಬೆರಳು ಮೇಲೆದ್ದಿತ್ತು.

"ಹಠಮಾರಿ ಮಗು ಕಣಯ್ಯಾ, ಅದುಮಿದಷ್ಟೂ ಏಳುತ್ತೆ" ಎಂದರು ಗುಮಾಸ್ತರು, ತಲೆ ಒರೆಸಿಕೊಳ್ಳುತ್ತ.

ಸೋತು ಸುಣ್ಣವಾದ ಅವನನ್ನು ಸ್ಟೋರ್‌ಕೀಪರು ಆಫೀಸಿನಲ್ಲಿ ಕೂರಿಸಿ ಟೀ ತಂದಿಟ್ಟರು. ಲೋಟ ಯಾರೂ ಮುಟ್ಟದೆ ಮೇಜಿನ ಮೇಲೆ ಜಾರುತ್ತ ಬಂದು ಅವನ ತೊಡೆಗೆ ಬಿತ್ತು. ಉರಿಯಲ್ಲೇ ಅವನಿಗೆ ಹೊಳೆಯಿತು. ಅಳತೆಗೆ ಆಧಾರವಾದ ಕೆಂಪು ಗುರುತು ಇದ್ದದ್ದು ಇದೇ ಆಫೀಸಿನ ಗೋಡೆಯ ಮೇಲೆ. ತೊಟ್ಟಿ ನಿಂತದ್ದು ಆಳಕ್ಕಿಳಿದ ಕಂಬಗಳ ಮೇಲೆ. ಆಫೀಸು ನಿಂತದ್ದು ಬರೀ ಕೆಸರಿನ ಮೇಲೆ. ತೊಟ್ಟಿ ಏಳುತ್ತಿರಲಿಲ್ಲ, ಆಫೀಸು ಮುಳುಗುತ್ತಿತ್ತು.

"ಗೋಡೆ ಆಚೆ ಏನಿಟ್ಟಿದೀರಿ?"

"ಸಿಮೆಂಟ್ ಮೂಟೆ. ನೆನೆದ್ರೆ ನಿಮ್ಮನ್ನ ಬೈತಾರಲ್ಲಾಂತ ನಿನ್ನೆಯಿಂದ ಸೂರಿನಡಿ ಪೇರಿಸ್ತಾನೇ ಇದೀನಿ. ಇನ್ನೊಂದು ಲೋಡ್ ಬರ್ತಿದೆ."

ಅವನು ಒದ್ದೆ ತೊಡೆಯಲ್ಲೇ ಆ ಲೋಡನ್ನು ತಡೆಯಲು ಓಡಿದ.

ಸಾಹೇಬರು ಎಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕರು, ತೊಟ್ಟಿ ಪಾಸು ಮಾಡಿದರು, ವರ್ಗದ ಆರ್ಡರಿಗೂ ಸಹಿ ಹಾಕಿದರು. ಆಮೇಲೆ ಯಾಕೋ ಗಂಭೀರವಾದರು.

"ಹೆಡ್ಡಾಫೀಸಲ್ಲೂ ಲೋಟ ಜಾರುತ್ತಪ್ಪ. ಅದೂ ಇದೇ ಕೆಸರಿನ ಮೇಲಿರೋದು. ನೀನು ಕಟ್ಟಿರೋದೊಂದೇ ಗಟ್ಟಿ. ನಾಳೆಯಿಂದ ಹೆಡ್ಡಾಫೀಸು ಈ ಮುಚ್ಚಳದ ಮೇಲೆ."

ಸಂಜೆ ಹಿತ್ತಿಲ ಬಾಗಿಲಲ್ಲಿ ಬಕೆಟ್ಟಿರಲಿಲ್ಲ. ಹೆಂಡತಿ ನಗುತ್ತ ಮುಂಬಾಗಿಲಿಗೇ ಬಂದು ವರ್ಗವಾಯಿತೇ ಎಂದು ಕೇಳಿದಳು.

"ಆಯ್ತು."

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಮತ್ತೇನೂ ಕೇಳದೆ ಒಳಗೆ ಹೋಗಿ ನೀರು ಕಾಯಲಿಟ್ಟಳು.