ಅಂಗೈಯಗಲದ ಕ್ಯಾಮೆರಾ

ಫೋಟೋ ಸ್ಟುಡಿಯೋ ಇರುವ ಮನೆಯಲ್ಲಿ ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ತಲೆ ಬಾಚಿಕೊಂಡು, ಪೌಡರ್ ಹಚ್ಚಿಕೊಂಡು ಬಂದು ನಮ್ಮ ಸ್ಟೂಲಿನ ಮೇಲೆ ಕೂರುತ್ತದೆ.

ನಾನು ಹುಟ್ಟಿದ್ದು ದೂರದ ಗದಗದ ಕಡೆ. ಮದುವೆಯಾಗಿ ಚಿನ್ನದ ಗಣಿಯ ಊರಾದ ಈ ರಾಬರ್ಟ್‌ಸನ್‌ಪೇಟೆಗೆ ಬಂದು ನಲವತ್ತಾರು ವರ್ಷವಾಯಿತು. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ನಮ್ಮ ಯಜಮಾನರು ಊರಿನವರಿಗೆಲ್ಲ "ಗದ್ದ ಮೇಲೆತ್ತಿ, ಸ್ವಲ್ಪ ನಗಿ" ಎನ್ನುತ್ತಿದ್ದರೆ, ಈಚೆ ನಾನು ರೊಟ್ಟಿ ಬಡಿಯುತ್ತಾ ಗದ್ದ ಮೇಲೆತ್ತಿ ನಗುತ್ತಿದ್ದೆ.

ಈಗ ಸ್ಟುಡಿಯೋ ನೋಡಿಕೊಳ್ಳುವವಳು ಮಗಳು. ಯಜಮಾನರಿಗೆ ಎಪ್ಪತ್ತೆರಡು. ಆದರೂ ಮದುವೆ ಮನೆಗಳಿಗೆ ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದವರು ಅವರೇ. ಹೋದ ವರ್ಷ ಎರಡು ಒಟ್ಟಿಗೆ ಕೆಟ್ಟವು: ಆ ಕ್ಯಾಮೆರಾದ ಶಟರ್, ಮತ್ತು ಇವರ ಕತ್ತು. ರಿಪೇರಿಯವರು ಕ್ಯಾಮೆರಾ ನೋಡಿ, ಇನ್ನು ಇದರ ಆಸೆ ಬಿಡಿ ಎಂದರು. ಡಾಕ್ಟರು ಕತ್ತು ನೋಡಿ, ಆಸೆ ಬಿಡಬೇಕಾಗಿಲ್ಲ, ಭಾರ ಹೊರಬೇಡಿ ಎಂದರು. ಅಷ್ಟರಮಟ್ಟಿಗೆ ನಾವು ಪುಣ್ಯವಂತರು.

ಮಗಳು, ಅಂಗೈಯಗಲದ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳೋಣ ಎಂದಳು. ಯಜಮಾನರು ಊಟಕ್ಕೆ ಕೂತು ಮುದ್ದೆ ಮುರಿಯುವಾಗ ಮೆಲ್ಲಗೆ, "ಅಷ್ಟು ಚಿಕ್ಕದಾದ್ರೆ ಅವಳೊಬ್ಳೇ ಸಾಕು. ನಾನ್ಯಾಕೆ ಇನ್ನು ಮದುವೆ ಮನೆಗೆ?" ಎಂದರು. ಇದು ಅವರ ಚಿಂತೆ. ನನ್ನ ಚಿಂತೆ ಬೇರೆ. ಕೆಲಸವಿಲ್ಲದೆ ಇವರು ದಿನವಿಡೀ ಪರದೆಯ ಈಚೆ ಕೂತರೆ, ನಾನು ಸಾರಿಗೆ ಒಗ್ಗರಣೆ ಹಾಕುವಾಗಲೂ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಹೇಳುತ್ತಾರಲ್ಲ!

ಸದ್ದಿಲ್ಲದ ಫೋಟೋ

ಕೊಳ್ಳುವ ಮುಂಚೆ ಪರೀಕ್ಷೆ ಮಾಡೋಣ ಎಂದು ಮಗಳು ಬಂಗಾರಪೇಟೆಯ ಗೆಳತಿಯಿಂದ ಒಂದು ಮಿರರ್‌ಲೆಸ್ ಎರವಲು ತಂದಳು. ಹಳೆಯ ಕ್ಯಾಮೆರಾದೊಳಗೆ ಒಂದು ಪುಟ್ಟ ಕನ್ನಡಿ ಇರುತ್ತದೆ, ಫೋಟೋ ಹಿಡಿದಾಗ ಅದು ಮೇಲೆ ಹಾರಿ 'ಟಕ್' ಎನ್ನುತ್ತದೆ, ಇದರಲ್ಲಿ ಕನ್ನಡಿಯೇ ಇಲ್ಲ, ಸದ್ದನ್ನೂ ಬೇಕಾದರೆ ಪೂರ್ತಿ ನಿಲ್ಲಿಸಬಹುದು ಎಂದು ನಮಗೆ ಪಾಠ ಹೇಳಿದಳು.

ಅಷ್ಟರಲ್ಲಿ ಊರಿಗಾಂ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಒಬ್ಬ ತಾತ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದರು. ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಎದೆ ಉಬ್ಬಿಸಿ, ಉಸಿರು ಬಿಗಿಹಿಡಿದರು. ನಮ್ಮೂರಿನಲ್ಲಿ ಫೋಟೋಕ್ಕೆ ಕೂರುವ ಕ್ರಮವೇ ಅದು. 'ಟಕ್' ಎನ್ನುವವರೆಗೆ ಉಸಿರು ಬಿಡುವಂತಿಲ್ಲ.

ಮಗಳು ನಾಲ್ಕು ಫೋಟೋ ಹಿಡಿದು, ಕ್ಯಾಮೆರಾದ ಬೆನ್ನಿನ ಪುಟ್ಟ ಸ್ಕ್ರೀನಿನಲ್ಲಿ ಅವನ್ನು ನೋಡಿಕೊಳ್ಳುತ್ತಾ ನಿಂತಳು. ತಾತ ಕದಲಲಿಲ್ಲ. ಮುಖ ಕೆಂಪಾಯಿತು, ಕಣ್ಣು ಹೊರಬಂತು, ಮೀಸೆ ನಡುಗಿತು. ಕೊನೆಗೆ ತಡೆಯಲಾರದೆ ಬುಸ್ಸೆಂದು ಬಿಟ್ಟು, "ಎಡುತ್ತಾಚಾ?" ಎಂದು ತಮಿಳಿನಲ್ಲಿ ಕೇಳಿದರು, ತೆಗೆದಾಯಿತೇ ಎಂದು.

"ಆಗ್ಲೇ ಆಯ್ತಲ್ಲ ತಾತ, ನಾಲ್ಕು ತೆಗೆದೆ."

"ಹೇಳಬಾರದಾಮ್ಮಾ? ಗಣಿ ಒಳಗಡೆ ಹೊಗೆ ತುಂಬಿದಾಗಲೂ ನಾನು ಇಷ್ಟು ಹೊತ್ತು ಉಸಿರು ಕಟ್ಟಿರಲಿಲ್ಲ!"

ಯಜಮಾನರಿಗೆ ಆನಂದವೋ ಆನಂದ. ಹೊಸ ಕ್ಯಾಮೆರಾ ಮೊದಲ ದಿನವೇ ಒಬ್ಬರ ಪ್ರಾಣ ತೆಗೆಯುತ್ತಿತ್ತು ಎಂದು ಬೀದಿಗೆಲ್ಲ ಹೇಳಿದರು. ಸಂಜೆ ಇನ್ನೊಬ್ಬರು ಬಂದು ಸ್ಟೂಲಿನ ಮೇಲೆ ಉಸಿರು ಕಟ್ಟಿದಾಗ ಮಾತ್ರ ಅವರಿಗೇ ಕರುಣೆ ಬಂತು. ಮಗಳ ಹಿಂದೆ ನಿಂತು, ಅವಳು ಗುಂಡಿ ಒತ್ತಿದ ಕೂಡಲೇ ನಾಲಿಗೆಯಿಂದ "ಟಕ್" ಎಂದರು.

ಅಂದಿನಿಂದ ನಮ್ಮ ಸ್ಟುಡಿಯೋದಲ್ಲಿ ಫೋಟೋ ಮಗಳದು, ಸದ್ದು ಅಪ್ಪನದು.

ರೊಟ್ಟಿ ಡಬ್ಬಿಯ ಅಳತೆ

ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಅಂಗಡಿಗೆ ಮೂವರೂ ಹೋದೆವು. ನಾನು ಹೋದದ್ದು ಬುತ್ತಿ ಹೊರುವುದಕ್ಕೆ. ಇಷ್ಟು ವರ್ಷ ಮುದ್ದೆಯ ಸೀಮೆಯಲ್ಲಿದ್ದರೂ ಪ್ರಯಾಣವೆಂದರೆ ನನ್ನ ಕೈಚೀಲದಲ್ಲಿ ಜೋಳದ ರೊಟ್ಟಿಯ ದುಂಡು ಡಬ್ಬಿ ಇರಲೇಬೇಕು.

ಅಂಗಡಿಯ ಹೆಣ್ಣುಮಗಳು ಎರಡು ಕ್ಯಾಮೆರಾ ತಂದಿಟ್ಟಳು. ಯಜಮಾನರು ಒಂದನ್ನು ಎತ್ತಿ, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಿದರು.

"ತೂಕಾನೇ ಇಲ್ವಲ್ಲಮ್ಮಾ ಇದು?"

"ಅದೇ ಅಂಕಲ್ ಇದರ ಸ್ಪೆಷಾಲಿಟಿ."

"ಅಂದ್ರೆ ಇಲ್ಲದೇ ಇರೋದಕ್ಕೆ ಜಾಸ್ತಿ ರೇಟು ಅನ್ನು!"

ಮಗಳ ಮನಸ್ಸು ದೊಡ್ಡ ಸೆನ್ಸರಿನ ಕ್ಯಾಮೆರಾದ ಮೇಲಿತ್ತು. ಸೆನ್ಸರ್ ಅಂದರೆ ಒಳಗೆ ಬೆಳಕು ಹಿಡಿಯುವ ಬಿಲ್ಲೆ, ಅದು ದೊಡ್ಡದಿದ್ದರೆ ಬೆಳಕು ಕಡಿಮೆ ಇದ್ದರೂ ಫೋಟೋ ಚೆನ್ನಾಗಿ ಬರುತ್ತದಂತೆ. ಕ್ಯಾಮೆರಾವೇನೋ ಮುದ್ದಾಗಿ ಚಿಕ್ಕದಾಗಿತ್ತು. ಆದರೆ ಅದಕ್ಕೆ ಹೊಂದುವ ಲೆನ್ಸ್ ತಂದಿಟ್ಟಾಗ ನೋಡಿದರೆ, ಎಳೆ ಸೋರೆಕಾಯಿಯಷ್ಟು ಉದ್ದ!

ನಾನು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. "ಕ್ಯಾಮೆರಾ ಸಣ್ಣದು ಅಂತೀರಿ, ಖರೆ. ಲೆನ್ಸ್ ಬಿಚ್ಚಿ ಮನ್ಯಾಗ ಇಟ್ಟು ಮದುವಿಗೆ ಹೋಗ್ತೀರೇನು?" ಎಂದೆ.

ಮೂವರೂ ನನ್ನನ್ನೇ ನೋಡಿದರು. ನಾನು ಡಬ್ಬಿಯಿಂದ ರೊಟ್ಟಿ ತೆಗೆದು, ಬಟ್ಟೆಯಿಂದ ಒರೆಸಿ ಮುಂದಿಟ್ಟೆ. "ಲೆನ್ಸ್ ಸಮೇತ ಇದರಾಗ ಹಿಡಿಸಿ ತೋರಿಸ್ರಿ."

ದೊಡ್ಡ ಸೆನ್ಸರಿನದು ಹಿಡಿಸಲಿಲ್ಲ, ಮುಚ್ಚಳ ಕೂರಲಿಲ್ಲ. ಇನ್ನೊಂದರ ಸೆನ್ಸರ್ ಸ್ವಲ್ಪ ಚಿಕ್ಕದು, ಲೆನ್ಸುಗಳೂ ಚಿಕ್ಕವು. ಅದು ಎರಡು ಲೆನ್ಸಿನ ಸಮೇತ ಒಳಗೆ ಕೂತು ಮುಚ್ಚಳ ಬಿತ್ತು. "ಮದುವೆ ಛತ್ರದ ಮಂದ ಬೆಳಕಿಗೆ ಇದು ಸಾಕಾ?" ಎಂದು ಮಗಳು ಕೇಳಿದಳು. ಎರಡರಲ್ಲಿ ಬಾಯಿ ಅಗಲವಾದ ಲೆನ್ಸ್ ಹಾಕಿಕೊಂಡರೆ ಧಾರಾಳವಾಗಿ ಸಾಕು ಎಂದು ಅಂಗಡಿಯಾಕೆ ಕತ್ತಲೆ ಮೂಲೆಯಲ್ಲಿ ನಮ್ಮವರನ್ನೇ ನಿಲ್ಲಿಸಿ ಹಿಡಿದು ತೋರಿಸಿದಳು. ಮೂಗಿನ ಮೇಲಿನ ನರಹುಲಿಯೂ ಕಾಣುತ್ತಿತ್ತು. ಅಲ್ಲಿಗೆ ತೀರ್ಮಾನವಾಯಿತು.

"ಕ್ಯಾಮೆರಾ ಬ್ಯಾಗ್ ಕೊಡ್ಲಾ ಅಂಕಲ್?"

"ಬೇಡಮ್ಮ, ಡಬ್ಬಿ ಐತೆ."

ವಾಪಸು ಬರುವಾಗ ರೈಲಿನಲ್ಲಿ ಕ್ಯಾಮೆರಾ ರೊಟ್ಟಿ ಡಬ್ಬಿಯಲ್ಲಿತ್ತು, ರೊಟ್ಟಿ ಕ್ಯಾಮೆರಾದ ಪೆಟ್ಟಿಗೆಯಲ್ಲಿತ್ತು.

ಹಳೆ ಲೆನ್ಸುಗಳ ಸಂಬಂಧ

ನಮ್ಮ ಊರಿನ ಧೂಳಿನ ವಿಷಯ ಹೇಳದೆ ಯಜಮಾನರ ಲೆನ್ಸುಗಳ ವಿಷಯ ಹೇಳಲಾಗದು. ಗಣಿಯಿಂದ ತೆಗೆದು ಅರೆದು ಸುರಿದ ಮಣ್ಣಿನ ಗುಡ್ಡಗಳು ಇಲ್ಲಿವೆ, ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಎದ್ದರೆ ಆ ಹಿಟ್ಟಿನಂಥ ಧೂಳು ಮನೆಮನೆಗೆ ಬರುತ್ತದೆ. ನಾನು ಹೊಸದಾಗಿ ಬಂದಾಗ ದಿನಕ್ಕೆ ಮೂರು ಸಲ ಕಸ ಗುಡಿಸಿ ಅತ್ತಿದ್ದೇನೆ. ಯಜಮಾನರು ನನ್ನ ಕಣ್ಣೀರು ಒರೆಸಲಿಲ್ಲ, ಓಡಿಹೋಗಿ ಲೆನ್ಸಿಗೆ ಮುಚ್ಚಳ ಹಾಕಿದರು.

ಮುಚ್ಚಳದ ವಿಷಯದಲ್ಲಿ ಅವರದು ವ್ರತ. ಫೋಟೋ ಹಿಡಿಯುವ ಆ ಕ್ಷಣಕ್ಕೆ ತೆಗೆಯಬೇಕು, ಹಿಡಿದ ಕೂಡಲೇ ಹಾಕಬೇಕು. ಮಗಳಿಗೆ ಅಕ್ಷರ ಕಲಿಸುವ ಮುಂಚೆ ಮುಚ್ಚಳ ಹಾಕುವುದು ಕಲಿಸಿದರು.

ಹೀಗೆ ಕಾಪಾಡಿದ ಆರು ಲೆನ್ಸುಗಳನ್ನು ಬೀರುವಿನಿಂದ ತೆಗೆದು, ಮೆತ್ತಗಿನ ಬಟ್ಟೆ ಹಾಸಿ ಸಾಲಾಗಿ ಇಟ್ಟರು. "ನೋಡು ಮಗಾ, ಇದ್ರಲ್ಲಿ ಯಾವುದು ಕೂರ್ತದೆ ನಿನ್ ಕ್ಯಾಮೆರಾಗೆ?"

"ಯಾವುದೂ ನೇರವಾಗಿ ಕೂರಲ್ಲ ಅಪ್ಪ. ಇದರ ಮೌಂಟೇ ಬೇರೆ. ನಡುವೆ ಅಡಾಪ್ಟರ್ ಅಂತ ಒಂದು ಬಳೆ ಹಾಕ್ಬೇಕು."

ಬಳೆ ತರಿಸಿದ್ದಾಯಿತು. ಆರರಲ್ಲಿ ಮೂರಕ್ಕೆ ಮುಚ್ಚಳದ ವ್ರತ ಮುರಿಯದಿದ್ದರೂ ಒಳಗೆ ಬೂಷ್ಟು ಹಿಡಿದಿತ್ತು. ಅವುಗಳಲ್ಲಿ ಅತಿ ದಪ್ಪದ್ದು ಎದುರಿಗೆ ಹಿಡಿದರೆ ಹಾಲಿನ ಲೋಟದೊಳಗೆ ನೋಡಿದ ಹಾಗಿತ್ತು. ಎರಡಕ್ಕೆ ಬಳೆ ಸಡಿಲ. ಕೊನೆಗೆ ಒಂದೇ ಒಂದು ಕೂತಿತು, ಆದರೆ ತಾನಾಗಿ ಫೋಕಸ್ ಆಗದು, ಕೈಯಿಂದ ತಿರುಗಿಸಬೇಕು.

ಯಜಮಾನರು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. "ಎಲ್ಲಿಂದ ಎಲ್ಲಿಗಾದ್ರೂ ಜೋಡಿಸಬಹುದು ಕಣೇ. ನಿನ್ನ ಗದಗದಿಂದ ತಂದು ಇಲ್ಲಿ ಜೋಡಿಸ್ಲಿಲ್ವಾ?"

"ಜೋಡಿಸಿದ್ದು ಖರೆ," ಎಂದೆ. "ನಲವತ್ತಾರು ವರ್ಷ ಆತು, ಇನ್ನೂ ಫೋಕಸ್ ಆಗಿಲ್ಲ."

ಗಂಡಿನ ಕಡೆಯವರು ಏನಂದಾರು

ಬಂಗಾರಪೇಟೆ ಪಕ್ಕದ ಹಳ್ಳಿಯ ಒಬ್ಬ ಅಜ್ಜಿ, ಎಂಟು ಹಸುವಿನ ಒಡತಿ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಸೀದಾ ನಮ್ಮಲ್ಲಿಗೆ ಬಂದರು. ಅವರ ಮಕ್ಕಳ ಮದುವೆ ಫೋಟೋಗಳೆಲ್ಲ ನಮ್ಮ ಯಜಮಾನರೇ ಹಿಡಿದದ್ದು. ಈಗ ಮೊಮ್ಮಗಳ ಮದುವೆ.

"ಎಲ್ಲಿ, ಕ್ಯಾಮೆರಾ ತೋರ್ಸಮ್ಮಿ" ಎಂದರು. ಮಗಳು ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದಳು.

ಅಜ್ಜಿ ಡಬ್ಬಿಯೊಳಗೆ ಬಗ್ಗಿ ನೋಡಿದರು. "ಇದಾ? ಇದ್ಕಿಂತ ನಮ್ ಹಸುವಿನ್ ಕೊರಳ್ ಗಂಟೆ ದಪ್ಪ ಐತೆ!"

"ಅಜ್ಜಿ, ಇದು ಹೊಸ ಥರದ್ದು. ತುಂಬಾ ಚೆನ್ನಾಗಿ ಬರುತ್ತೆ."

"ಚೆನ್ನಾಗಿ ಬರೋದು ಆಮೇಲೆ ಕಣಮ್ಮಿ. ಮದುವೆ ದಿನ ಗಂಡಿನ್ ಕಡೆಯೋರ ಕಣ್ಗೆ ಬೀಳೋದು ಕ್ಯಾಮೆರಾ. ಎಣ್ಣಿನ್ ಕಡೆಯೋರು ಜುಗ್ಗರು ಅಂತ ಆಡ್ಕೊಳಲ್ವಾ?" ಎಂದು ಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ಬತ್ತೀನಿ. ಬೇರೆ ಕಡೆ ಇಚಾರಿಸ್ತೀನಿ."

ಮಗಳ ಮುಖ ಸಣ್ಣಗಾಯಿತು. ಹೊಸ ಕ್ಯಾಮೆರಾಕ್ಕೆ ಬಂದ ಮೊದಲ ಮದುವೆ ಅದು. ಆಗ ಪರದೆ ಸರಿಸಿಕೊಂಡು ಯಜಮಾನರು ಹೊರಬಂದರು.

"ಅಕ್ಕಾ, ಕೂತ್ಕೊ. ದೊಡ್ಡದೂ ಬತ್ತದೆ. ನಾನೇ ತತ್ತೀನಿ."

ಅಜ್ಜಿ ಕೂತರು. ಮಗಳು ಅಪ್ಪನನ್ನು ಕಣ್ಣು ಬಿಟ್ಟುಕೊಂಡು ನೋಡಿದಳು. ದೊಡ್ಡದು ಸತ್ತು ಆರು ತಿಂಗಳಾಗಿತ್ತು.

"ಆಡಿಸೋಕೆ ಬರಲ್ಲ, ನಿಜ," ಎಂದರು ಇವರು ಆಮೇಲೆ. "ನಿಲ್ಲಿಸೋಕೆ ಬತ್ತದಲ್ಲ?"

ಎಲ್ಲರೂ ಎಡಗಡೆ ನೋಡಿದ ಮದುವೆ

ಮದುವೆಯ ದಿನ ಯಜಮಾನರು ಇಸ್ತ್ರಿ ಅಂಗಿ ತೊಟ್ಟು, ಛತ್ರದ ನಟ್ಟನಡುವೆ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ಸತ್ತ ಕ್ಯಾಮೆರಾ ಕೂರಿಸಿದರು. ಕತ್ತಿನ ಮೇಲೆ ಭಾರವಿಲ್ಲವಾದ್ದರಿಂದ ನಾನೂ ಸುಮ್ಮನಾದೆ. ಅದಕ್ಕೆ ಹಾಕಿದ್ದು ಬೂಷ್ಟು ಹಿಡಿದ ಆ ದಪ್ಪ ಲೆನ್ಸು. ತಲೆಯ ಮೇಲೆ ಫ್ಲ್ಯಾಶ್. ಫ್ಲ್ಯಾಶಿನ ಹಿಂದೆ ಒಂದು ಪುಟ್ಟ ಗುಂಡಿ ಇರುತ್ತದೆ, ಕ್ಯಾಮೆರಾ ಸತ್ತಿದ್ದರೂ ಅದನ್ನೊತ್ತಿದರೆ ಮಿಂಚುತ್ತದೆ. ಇವರು ಬಗ್ಗಿ ಒಂದು ಕಣ್ಣು ಮುಚ್ಚುವುದು, ಗುಂಡಿ ಒತ್ತುವುದು, ನಾಲಿಗೆಯಿಂದ "ಟಕ್" ಎನ್ನುವುದು. "ಗದ್ದ ಮೇಲೆತ್ತಮ್ಮಾ! ಮಾವನೋರೇ, ಸ್ವಲ್ಪ ನಗಿ!"

ಮಂಟಪದ ಮೇಲಿದ್ದವರೆಲ್ಲ ಗದ್ದ ಎತ್ತಿದರು, ನಕ್ಕರು. ಗಂಡಿನ ಕಡೆಯವರು "ಏನ್ ಕ್ಯಾಮೆರಾ ಗುರು!" ಎಂದು ಮೆಚ್ಚಿದರು. ಬಲಗಡೆಯ ಕಂಬದ ಪಕ್ಕದಲ್ಲಿ ಮಗಳು ತನ್ನ ಅಂಗೈಯಗಲದ ಕ್ಯಾಮೆರಾದಲ್ಲಿ ಸದ್ದಿಲ್ಲದೆ ಮದುವೆಯನ್ನೆಲ್ಲ ಹಿಡಿದಳು. ಅವಳನ್ನು ಯಾರೂ ನೋಡಲಿಲ್ಲ.

ಯಾರೂ ನೋಡಲಿಲ್ಲ ಎಂಬುದು ಎಷ್ಟು ನಿಜವೆಂದು ಗೊತ್ತಾದದ್ದು ಆಲ್ಬಮ್ ಮಾಡುವಾಗ. ಧಾರೆಯಲ್ಲಿ, ಆರತಿಯಲ್ಲಿ, ಊಟದ ಪಂಕ್ತಿಯಲ್ಲಿ, ಒಬ್ಬರು ಬಿಡದೆ ಎಲ್ಲರೂ ಎಡಗಡೆ ನೋಡುತ್ತಿದ್ದರು. ಯಜಮಾನರು ಎಲ್ಲಿ ನಿಂತಿದ್ದರೋ ಅಲ್ಲಿಗೆ. ಇಡೀ ಆಲ್ಬಮ್ಮಿನಲ್ಲಿ ನೆಟ್ಟಗೆ ನೋಡಿದವಳು ನಾನೊಬ್ಬಳು. ಇವರನ್ನು ಎಷ್ಟು ಅಂತ ನೋಡಲಿ?

ಅಜ್ಜಿ ಆಲ್ಬಮ್ ಒಯ್ಯಲು ಬಂದ ದಿನ ಮಗಳು ನೀರು ಕುಡಿಯುತ್ತಲೇ ಇದ್ದಳು. ಯಜಮಾನರು ಪರದೆಯ ಈಚೆ ನನ್ನ ಪಕ್ಕದಲ್ಲಿ ನಿಂತು, "ಇನ್ನು ಮದುವೆ ಮನೆ ಮುಗೀತು ಕಣೇ. ನಾಳೆಯಿಂದ ನಿನ್ ಜೊತೇಲೇ ಇರ್ತೀನಿ" ಎಂದರು. ನನಗೂ ನೀರು ಬೇಕೆನಿಸಿತು.

ಅಜ್ಜಿ ಒಂದೊಂದೇ ಹಾಳೆ ತಿರುವಿದರು. "ಎಲ್ರೂ ಅದೆತ್ತ ನೋಡ್ತವ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಆದ್ರೂ ಸುಮ್ನೆ ಮಾತಾಡ್ಕೊಂಡ್ ನಿಂತಂಗೆ ಎಷ್ಟ್ ಚೆಂದಾಗವ್ರೆ!" ಎಂದರು. ನಾವು ಉಸಿರು ಬಿಡುವಷ್ಟರಲ್ಲಿ ಒಂದು ಹಾಳೆಯ ಮೇಲೆ ಅವರ ಬೆರಳು ನಿಂತಿತು. ಅಗಲವಾಗಿ ಹಿಡಿದ ಆ ಒಂದು ಚಿತ್ರದಲ್ಲಿ ನಮ್ಮ ಯಜಮಾನರೂ ಬಿದ್ದಿದ್ದರು. ಒಂದು ಕಣ್ಣು ಮುಚ್ಚಿ, ದೊಡ್ಡ ಕ್ಯಾಮೆರಾದ ಮೇಲೆ ಬಾಗಿದ್ದರು. ಎದುರಿಗೆ ಮುನ್ನೂರು ಜನ ನಗುತ್ತಿದ್ದರು. ಲೆನ್ಸಿನ ಮೇಲೆ ಮುಚ್ಚಳ ಭದ್ರವಾಗಿ ಕೂತಿತ್ತು.

"ಓ ಪೋಟೋದಣ್ಣಾ, ಬಾ ಇಲ್ಲಿ!" ಎಂದು ಅಜ್ಜಿ ಕೂಗಿದರು. "ಇದ್ಯಾಕೆ ಮುಚ್ಚಳ ತೆಗ್ದೇ ಇಲ್ಲ?"

ಯಜಮಾನರು ಹೊರಗೆ ಹೋಗಿ, ಚಿತ್ರ ನೋಡಿ, ತಲೆ ತಗ್ಗಿಸಿದರು. "ಧೂಳು ಅಕ್ಕಾ. ಅಭ್ಯಾಸ."

ಅಜ್ಜಿ ಇವರನ್ನು ನೋಡಿದರು. ಡಬ್ಬಿಯಲ್ಲಿದ್ದ ಚಿಕ್ಕ ಕ್ಯಾಮೆರಾ ನೋಡಿದರು. ನೀರಿನ ಲೋಟ ಹಿಡಿದು ನಿಂತ ಮಗಳನ್ನು ನೋಡಿದರು. ಆಮೇಲೆ ಆಲ್ಬಮ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದರು.

"ಮುಚ್ಚಳ ಆಕ್ಕೊಂಡೇ ಇಷ್ಟ್ ಚೆಂದಾಗಿ ಇಡಿದಿದ್ದೀಯ, ತೆಗೆದಿದ್ರೆ ಇನ್ನೆಂಗ್ ಬತ್ತಿತ್ತೋ! ಚಿಕ್ಕ ಮೊಮ್ಮಗಳ್ ಮದುವೆಗೂ ನೀನೇ ಬಾರಣ್ಣ," ಎಂದು ಬಾಗಿಲ ತನಕ ಹೋಗಿ, ಅಲ್ಲಿಂದಲೇ ಮಗಳಿಗೆ ಹೇಳಿದರು: "ನೀನೂ ಬಾಮ್ಮಿ, ಜೊತೆಗೆ."